ದಾಯಾದಿಯ ಕೈ

ಕೈ, ಐದು ಬೆರಳು, ಐದಕ್ಕೂ ಉಗುರು, ಬಸ್ಸಿನ ಕಿಟಕಿಯ ಸರಳನ್ನು ಹೊರಗಿನಿಂದ ಹಿಡಿದುಕೊಂಡಿದೆ, ಮಧುಗಿರಿ ಬಂತೆಂದು ಕಣ್ಣು ಬಿಟ್ಟ ದಾಸಣ್ಣನಿಗೆ ಮೊದಲು ಕಂಡದ್ದೇ ಅದು, ಆಮೇಲೆ ಮುಖ, ಹೆಣ್ಣುಕೋತಿ, ಹೊಟ್ಟೆಗೆ ಮರಿ ಅವಚಿಕೊಂಡಿದೆ, ಕಣ್ಣೆಲ್ಲ ಅವನ ತೊಡೆಯ ಮೇಲಿನ ಡಬ್ಬಿಯಲ್ಲಿ — ಥೂ, ಇದು ನಿನಗಲ್ಲ, ಮಗಳಿಗೆ, ಕಜ್ಜಾಯ — ಅಂದವನು ತಡೆದ, ಸಂಬಂಧ ಗೊತ್ತಾದ ಮೇಲೆ ನಿನಗಲ್ಲ ಅನ್ನಲು ಬಾಯಿ ಬರುವುದಿಲ್ಲ, ಒಂದನ್ನು ತೆಗೆದು ಸರಳಿನ ಸಂದಿಯಲ್ಲಿ ನೀಡಿದ, ತೆಗೆದುಕೊಂಡ ಅಂಗೈಯಲ್ಲಿ ಗೆರೆಗಳೂ ಇದ್ದವು, ಕಣಿ ಹೇಳುವವಳ ಮುಂದೆ ಚಾಚಿದ್ದರೆ ಕಂಕಣಭಾಗ್ಯ ಯಾವಾಗ ಅಂತ ಹೇಳಿಬಿಡುತ್ತಿದ್ದಳು.

ಇಳಿದು ಮಗಳು ಪಾಠ ಹೇಳುವ ಶಾಲೆಯ ದಾರಿ ಹಿಡಿದ, ಕಾಲು ಮುಂದೆ, ಮನಸ್ಸು ಹಿಂದೆ, ಹಿರಿಯರ ಹಬ್ಬದ ದಿನಕ್ಕೆ, ಅಪ್ಪ ದೊಡ್ಡಹನುಮಯ್ಯನ ಫೋಟೋದ ಮುಂದೆ ಹೊಸ ಪಂಚೆ, ಎಡೆ, ಸಾಮ್ರಾಣಿ ಹೊಗೆ, ನೆಂಟರೆಲ್ಲ ಉಣ್ಣಲು ಕೂತಿದ್ದಾರೆ, ಮಗಳು ಯಶೋದ ವಿಜ್ಞಾನದ ಮೇಡಂ ಅಲ್ಲವೇ, ಯಾರೋ ಕೇಳಿದರು ಈಗ ಏನು ಪಾಠ ನಡೀತೈತಮ್ಮ, ನಮಗೂ ಕೋತಿಗೂ ಪೂರ್ವಜ ಒಬ್ಬನೇ ಅನ್ನೋ ಪಾಠ ಅಂದಳು. ದಾಸಣ್ಣನಿಗೆ ಗೊತ್ತಿದ್ದ ಪೂರ್ವಜ ಒಬ್ಬನೇ, ಫೋಟೋದಲ್ಲಿ ಕರಿಕಂಬಳಿ ಹೊದ್ದು, ಸೊಟ್ಟ ಕಿರುಬೆರಳು ಹೊರಗೆ ಬಿಟ್ಟು ಕೋಲು ಹಿಡಿದು ಕೂತವನು, ಆ ಸೊಟ್ಟಬೆರಳು ತನಗೂ ಬಂದಿದೆ, ಹುಟ್ಟಿದ ದಿನವೇ ಮಗಳ ಮುಷ್ಟಿ ಬಿಡಿಸಿ ನೋಡಿ, ನಮ್ಮಪ್ಪ ಬಂದವ್ನೆ ಕಣೇ ಅಂತ ಹೆಂಡತಿಗೆ ಹೇಳಿ ಅತ್ತಿದ್ದ — ಅಂಥವನನ್ನು ಕೋತಿ ಅನ್ನುವುದೇ, ಸಿಟ್ಟು ನೆತ್ತಿಗೇರಿತು, ಕೋತಿಯಿಂದ ಮನುಷ್ಯ ಆಗಿದ್ರೆ ಕೋತಿಗಳು ಯಾಕೆ ಇನ್ನೂ ಕೋತಿಗಳಾಗೇ ಅವೆ, ನಾವು ಎಡೆ ಇಟ್ಟಿದ್ದು ನಿಮ್ಮ ತಾತಂಗೋ ಕೋತಿಗೋ, ಅಂದುಬಿಟ್ಟ. ನೆಂಟರು ನಕ್ಕರು. ಅವಳು ಕಚ್ಚಿದ ಕಜ್ಜಾಯವನ್ನು ಎಲೆಯ ಮೇಲೇ ಬಿಟ್ಟು ಎದ್ದುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಎರಡು ತಿಂಗಳಿಂದ ಫೋನೆಲ್ಲ ಅವಳಮ್ಮನ ಕಿವಿಗೆ, ಅಪ್ಪ ಮಾತ್ರೆ ತಗೊಂಡನಾ ಅಂತ ಕೇಳುತ್ತಾಳಂತೆ, ಅಪ್ಪನನ್ನು ಕೇಳುವುದಿಲ್ಲ, ಉಣ್ಣುವ ಎಲೆಯಿಂದ ಮಗಳನ್ನು ಎಬ್ಬಿಸಿದ ಬಾಯಿಗೆ ಅಂದಿನಿಂದ ಯಾವುದೂ ರುಚಿಸಿಲ್ಲ.

ಉತ್ತರ ಕೊಟ್ಟದ್ದು ಕುರಿ. ಮೂವತ್ತು ವರ್ಷದ ಕೆಳಗೆ ಅಪ್ಪನ ಮಂದೆ ಹಂಚಿಕೊಂಡು ಪಾವಗಡದ ಕಡೆ ಹೋದ ತಮ್ಮ ಕದಿರಯ್ಯ ಮೊನ್ನೆ ಬರಗೂರಿಗೆ, ದಾಸಣ್ಣನ ಹಟ್ಟಿಗೆ, ಒಂದು ಟಗರು ತಂದಿದ್ದ, ಬಂಡೆ ಹತ್ತಿ ಮೇಯುವ ಟಗರನ್ನೇ ಪ್ರತಿಸಲವೂ ಬೀಜಕ್ಕೆ ಬಿಟ್ಟೂ ಬಿಟ್ಟೂ ಅವನ ಕುರಿಗಳಿಗೆ ಕಾಲುದ್ದ, ದಾಸಣ್ಣನವು ಗಿಡ್ಡಗಾಲಿನ ದುಂಡನೆಯವು, ಅವನ ಮಕ್ಕಳ ಬಾಯಲ್ಲೂ ಈಗ ತೆಲುಗು, ದೊಡ್ಡಪ್ಪ ಚೆನ್ನಾಗಿದ್ದೀಯಾ ಅನ್ನಲು ಪೆದ್ದನಾನ್ನ ಬಾಗುನ್ನಾವಾ. ಅವನ ಕುರಿಯಿಂದ ನನ್ನ ಕುರಿ ಬಂತೇ, ಇಲ್ಲ, ಎರಡೂ ಅಪ್ಪನ ಮಂದೆಯವು, ಅವು ಅಲ್ಲಿ ಹಾಗಾದವು ಅಂತ ಇವು ಇಲ್ಲಿ ಇಲ್ಲವಾಗಬೇಕೇ, ಕದಿರಯ್ಯ ನನಗೇನು ಅಪ್ಪನೇ — ದಾಯಾದಿ. ದಾಸಣ್ಣ ಹಟ್ಟಿಯಲ್ಲಿ ನಿಂತಲ್ಲೇ ನಿಂತ. ಕೋತಿಯೂ ದಾಯಾದಿ, ಯಾವ ಕಾಲದಲ್ಲೋ ಮನೆ ಬೇರೆಯಾಗಿದೆ, ಪಾಲಿನಲ್ಲಿ ಮರ ಅವಕ್ಕೆ, ನೆಲ ನಮಗೆ, ಆ ಪಾಲು ಒಪ್ಪದೆ ಅವು ಇವತ್ತಿಗೂ ಕಡ್ಲೆಕಾಯಿ ಹೊಲಕ್ಕಿಳಿದು ತಕರಾರು ಮಾಡುತ್ತವೆ, ದಾಯಾದಿಗಳ ಬುದ್ಧಿಯೇ ಅಷ್ಟು. ಅಯ್ಯೋ ನನ್ನ ಮಗಳೇ, ಇಷ್ಟನ್ನೇ ಅಲ್ಲವೇ ನೀನು ಹೇಳಿದ್ದು.

ಶಾಲೆಯ ಗೇಟು, ಬೀಗ, ಊಟದ ಬಿಡುವು, ಯಾರೋ ಕೂಗಿದರು ಮೇಡಂ ನಿಮ್ಮಪ್ಪ ಬಂದವ್ರೆ, ಅವಳು ಓಡುತ್ತಲೇ ಬಂದಳು, ಮುಖದಲ್ಲಿ ಗಾಬರಿ, ಯಾಕಪ್ಪ, ಅಮ್ಮ ಹುಷಾರಾಗವ್ಳಾ. ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು, ಕುರಿ, ಪಾಲು, ಕದಿರಯ್ಯ, ಎಲ್ಲ ಬಿಟ್ಟು ಡಬ್ಬಿ ಎತ್ತಿ ಹಿಡಿದ, ತಾತ ಅಲ್ಲ ಕಣವ್ವ, ದಾಯಾದಿ, ಅಂದ ಅಷ್ಟೇ. ಅವಳು ನೋಡಿದಳು, ಡಬ್ಬಿಯನ್ನು ನೋಡಿದಳು, ಅದನ್ನೇ ಕಣಪ್ಪ ನಾನು ಅವತ್ತು ಹೇಳಿದ್ದು, ಅಂದಳು, ಬೀಗದ ಕೈ ತರಲು ಯಾರೋ ಒಳಗೆ ಹೋದರು, ಅಷ್ಟು ಹೊತ್ತೂ ಕಾಯಲಾರದೆ ಅವಳು ಕಜ್ಜಾಯಕ್ಕೆ ಗೇಟಿನ ಸಂದಿಯಿಂದ ಒಂದು ಕೈ ಚಾಚಿದಳು, ಇನ್ನೊಂದು ಕೈ ಸರಳನ್ನು ಹಿಡಿದಿತ್ತು, ಐದು ಬೆರಳು, ಐದಕ್ಕೂ ಉಗುರು, ಕಿರುಬೆರಳು ಸೊಟ್ಟ —