ಅಣ್ಣನಿಗೆ ಹೇಳಿದ ಮುಖಗಳು

ಅಣ್ಣನ ಕಣ್ಣು ಹೋಗಿ ಏಳು ವರ್ಷವಾಗಿತ್ತು. ಬೆತ್ತದ ಕುರ್ಚಿ ಹೆಣೆಯಲು ಅವನಿಗೆ ಬೆರಳೇ ಸಾಕಿತ್ತು. ಕಣ್ಣು ಬೇಕಾಗುತ್ತಿದ್ದುದು ಗಿರಾಕಿಗಳ ಮುಖ ನೋಡಲು, ಆ ಕೆಲಸ ತಂಗಿಯದು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದ್ದ ಅವಳನ್ನು ಬೀದಿಯವರೆಲ್ಲ ಅತ್ತೆ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಂದವರು ಕುರ್ಚಿಯಲ್ಲಿ ಕೂತು ನೋಡುವಾಗ ಅತ್ತೆ ಅಣ್ಣನ ಕಿವಿಯಲ್ಲಿ ಪಿಸುಗುಡುವಳು.

"ಹುಬ್ಬು ಗಂಟಿಕ್ಕಿದ." "ಮೂಗು ಮುರೀತಿದಾಳೆ, ಚೌಕಾಸಿ ಗ್ಯಾರಂಟಿ." "ಈ ಯಪ್ಪಂದು ಹುಟ್ಟಿದಾಗ್ಲಿಂದ್ಲೂ ಹರಳೆಣ್ಣೆ ಕುಡಿದ ಮುಖ, ನೀನು ತಲೆ ಕೆಡಿಸ್ಕೋಬೇಡ."

ಸಿಡುಕು ಮೋರೆಗೆ ಅವಳ ಬಾಯಲ್ಲಿ ಇದ್ದಷ್ಟು ಮಾತು ನಗುಮುಖಕ್ಕೆ ಇರಲಿಲ್ಲ. ನಗುವವರನ್ನು ವರ್ಣಿಸಿದರೆ ಯಾರು ಕೇಳುತ್ತಾರೆ, ಹೇಳಿ?

ಆಮೇಲೆ ಅಣ್ಣನ ಮಗನಿಗೆ ಮದುವೆಯಾಗಿ ಸೊಸೆ ಬಂದಳು. ಮೊದಲೇ ಮಾತು ಕಡಿಮೆ, ಮಾವನ ಮುಂದಂತೂ ಬಾಯಿಗೆ ಬೀಗ. ಹೆಣಿಗೆ ಕಲಿಯುತ್ತೇನೆಂದು ಮಾವನ ಎದುರು ಕೂತ ಮೊದಲ ದಿನವೇ ಬೆತ್ತದ ಸಿಬಿರು ಉಗುರಿನ ಸಂದಿಗೆ ಹೊಕ್ಕು ಮುಖ ಕಿವುಚಿದಳು.

"ಹೇಗಿದಾಳೆ ನಮ್ಮ ಶಿಷ್ಯೆ?" ಎಂದು ಅಣ್ಣ ತಂಗಿಯ ಕಡೆ ಬಾಗಿ ಕೇಳಿದ.

"ಹಿಂಡಿ ಬಿಸಾಕಿದ ನಿಂಬೆಹಣ್ಣು! ಮೇಷ್ಟ್ರು ಹಿಡಿಸ್ಲಿಲ್ವೇನೋ," ಎಂದು ಪಿಸುಗುಟ್ಟಿದಳು ಅತ್ತೆ.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣು ಹೋದ ಮೇಲೆ ಅವನು ಹಾಗೆ ನಕ್ಕಿದ್ದೇ ಇರಲಿಲ್ಲ. ಅಷ್ಟೇ ನೋಡಿ, ಅತ್ತೆಗೆ ರುಚಿ ಹತ್ತಿಬಿಟ್ಟಿತು. ಮರುದಿನ ಸೊಸೆ ಮೂತಿ ತಿರುವಿದಳು ಎಂದಳು, ಅದರ ಮರುದಿನ ಕಣ್ಣು ಕೆಕ್ಕರಿಸಿದಳು ಎಂದಳು. ಇಲ್ಲದ ಮುಖಗಳನ್ನು ಕೂತಲ್ಲೇ ಹುಟ್ಟಿಸಿದಳು. ಸೊಸೆಯ ಮೇಲೆ ದ್ವೇಷವೇ? ಛೆ, ಅದೂ ಇಲ್ಲ. ಬಾಯಿ ಚಪಲ, ಹಾಳಾದ್ದು.

ಅಣ್ಣ ಯಾವಾಗ ನಗುವುದನ್ನು ನಿಲ್ಲಿಸಿದ ಎಂಬುದನ್ನು ಮಾತ್ರ ಮುಖ ಓದುವ ಈ ಪಂಡಿತೆ ಗಮನಿಸಲೇ ಇಲ್ಲ. ಸೊಸೆ ಮನೆಗೆ ಬಂದ ಎಂಟನೇ ತಿಂಗಳಲ್ಲಿ ಅವನು ಮಗನನ್ನು ಕರೆದ.

"ನಿನ್ನ ಹೆಂಡ್ತಿಗೆ ಈ ಕುರುಡನ್ನ ಕಂಡ್ರೆ ಆಗಲ್ಲ. ಬೇರೆ ಮನೆ ಮಾಡ್ಕೊಂಡು ಹೋಗಿ."

"ನಂಗೇನೂ ಹಾಗೆ ಕಾಣಿಸ್ಲಿಲ್ಲಪ್ಪ."

"ಹೊಸದಾಗಿ ಮದುವೆಯಾದೋನಿಗೆ ನನಗಿಂತ ಕಮ್ಮಿ ಕಾಣ್ಸುತ್ತೆ ಬಿಡು."

ಒಳಗೆ ತೊಟ್ಟಿಯಲ್ಲಿ ಬೆತ್ತ ನೆನೆಹಾಕುತ್ತಿದ್ದ ಅತ್ತೆಗೆ ಮಾತೆಲ್ಲ ಕೇಳಿಸಿತು. ಆಗಲೇ ಹೋಗಿ ಇದ್ದದ್ದನ್ನು ಹೇಳಬಹುದಿತ್ತು. ಹೇಳಿದರೆ ತನ್ನ ಮಾನ ಏನಾಗಬೇಕು? ನಾಳೆ ಹೇಳೋಣ, ನಾಳಿದ್ದು ಹೇಳೋಣ ಎನ್ನುತ್ತಿರುವಾಗಲೇ ಟ್ರಂಕುಗಳು ಬಾಗಿಲಿಗೆ ಬಂದವು.

ಸೊಸೆ ಹೇಳಿಹೋಗಲು ಮಾವನ ಮುಂದೆ ನಿಂತಳು.

"ಎಂಟು ತಿಂಗಳು ನನ್ನ ಕಂಡಾಗೆಲ್ಲ ಮುಖ ಸಿಂಡರಿಸಿದ್ದಾಯ್ತು. ಹೋಗೋವಾಗಾದ್ರೂ ನಗ್ತಾ ಹೋಗಮ್ಮ," ಎಂದ ಅಣ್ಣ.

"ನಾನಾ ಮಾವ?"

ಅಷ್ಟು ದಿನದ ಪಿಸುಮಾತು ಏನಿತ್ತೆಂದು ಹುಡುಗಿಗೆ ಆಗ ಅರ್ಥವಾಯಿತು. ಅತ್ತೆಯ ಕಡೆ ತಿರುಗಿದಳು. ಈಗ ಬರುತ್ತದೆ, ಹುಬ್ಬು ಬಿಗಿಯುತ್ತದೆ, ಹಲ್ಲು ಕಡಿಯುತ್ತಾಳೆ ಎಂದು ಅತ್ತೆ ಕಾದಳು. ಹಾಗೆ ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹುಡುಗಿ ಅವಳನ್ನು ಸುಮ್ಮನೆ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು.

"ತಪ್ಪಾಯ್ತು ಮಾವ."

ಅತ್ತೆಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಇಷ್ಟು ವಯಸ್ಸಾದ ತನ್ನ ಮಾನವನ್ನು ಮೊನ್ನೆ ಬಂದ ಹುಡುಗಿ ಕಾಯಬೇಕೇ?

"ಅವಳದೇನೂ ತಪ್ಪಿಲ್ಲ ಅಣ್ಣ," ಎಂದುಬಿಟ್ಟಳು. "ಮೊದಲ್ನೇ ದಿನ ಬೆರಳಿಗೆ ಸಿಬಿರು ಚುಚ್ಚಿತ್ತು, ಅಷ್ಟೇ. ಮಿಕ್ಕಿದ್ದೆಲ್ಲ ನಾನು ಕಟ್ಟಿದ್ದು. ನೀನು ನಗ್ತೀಯ ಅಂತ..."

ಅಣ್ಣನ ಬೆರಳುಗಳು ಹೆಣಿಗೆಯ ಮೇಲೆ ನಿಂತವು. ಬೈಯಲಿಲ್ಲ. ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. "ಟ್ರಂಕು ಒಳಗಿಡೋ," ಎಂದ ಮಗನಿಗೆ. ಆಮೇಲೆ ಸೊಸೆಯ ಕಡೆ ಮುಖ ಎತ್ತಿದ.

"ನಿಮ್ಮತ್ತೆ ಮುಖ ಈಗ ಹೇಗಿದೆಯಮ್ಮ? ನೀನು ಹೇಳು."

ಅತ್ತೆಯ ಕಣ್ಣು, ಮೂಗು ಎಲ್ಲ ಸೋರುತ್ತಿತ್ತು, ತುಟಿ ಅದುರುತ್ತಿತ್ತು. ಹುಡುಗಿ ಅದನ್ನೆಲ್ಲ ನೋಡಿದಳು.

"ಏನಿಲ್ಲ ಮಾವ. ಸ್ವಲ್ಪ ಸುಸ್ತಾಗಿದಾರೆ."

ಅತ್ತೆ ಎದ್ದು ಒಳಗೆ ಹೋದಳು. ಮಧ್ಯಾಹ್ನ ಸೊಸೆ ಎರಡು ಸಲ ಊಟಕ್ಕೆ ಕರೆದರೂ ಹೊರಗೆ ಬರಲಿಲ್ಲ.