ನೆನಪಾದಾಗಲೆಲ್ಲ ಒಂದು ಚೊಂಬು ನೀರು

ಎಲೆ ಹಳದಿಯಾಯಿತು ಅಂದರೆ ಸಾಕು, ನಮ್ಮ ಜನ ಮೊದಲು ಚೊಂಬು ಹುಡುಕುತ್ತಾರೆ. ಯಾಕೆ ಹಳದಿಯಾಯಿತು ಎಂದು ಒಂದು ಗಳಿಗೆ ಬಗ್ಗಿ ನೋಡುವ ತಾಳ್ಮೆ ಯಾರಿಗೂ ಇಲ್ಲ. ನಾನು ಶಾಲೆಯಲ್ಲಿ ಸಸ್ಯಗಳ ಪಾಠ ಹೇಳಿ ಹೇಳಿ ಗಂಟಲು ಸವೆಸಿಕೊಂಡು ನಿವೃತ್ತಳಾದವಳು. ಬೀದಿಯವರು ಎದುರಿಗೆ ಗಿಡದ ಟೀಚರ್ ಅನ್ನುತ್ತಾರೆ, ಬೆನ್ನ ಹಿಂದೆ ಸಿಡುಕಿ ಅನ್ನುತ್ತಾರಂತೆ. ಅನ್ನಲಿ ಬಿಡಿ. ನಮ್ಮ ಮನೆಯ ಕೆಳಗಿನ ದರ್ಜಿ ಅಂಗಡಿಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ಆ ಅಂಗಡಿಯಲ್ಲಿ ಒಂದು ಕಡೆ ಹೊಲಿಗೆ ಯಂತ್ರ, ಇನ್ನೊಂದು ಕಡೆ ಬಟ್ಟೆ ಕತ್ತರಿಸುವ ಮೇಜು. ಹಿಂದೆ ಒಂದು ಪರದೆ, ಪರದೆಯಾಚೆ ಮನೆ. ಕಿಟಕಿಯ ಕೆಳಗೆ ಹಳೆಯ ಎಣ್ಣೆ ಡಬ್ಬದಲ್ಲಿ ಒಂದು ನಿಂಬೆಗಿಡ. ದರ್ಜಿಯ ಹೆಂಡತಿ ಅದನ್ನು ಬೀಜ ಊರಿ ಬೆಳೆಸಿದ್ದಳು. ಕಾಜಾ ಹೊಲಿದು ಬೆರಳು ನೊಂದಾಗ ಒಂದು ಎಲೆ ಕಿತ್ತು ಅಂಗೈಯಲ್ಲಿ ಹೊಸಕಿ ಮೂಸುತ್ತಿದ್ದಳು. ಆಮೇಲೆ ಅದೇ ಕೈಯಲ್ಲಿ ಮಗಳ ತಲೆ ಬಾಚುತ್ತಿದ್ದಳು. ಹೀಗಾಗಿ ಆ ಹುಡುಗಿಗೆ ಅಮ್ಮ ಎಂದರೆ ನಿಂಬೆ ಎಲೆಯ ವಾಸನೆ. ಅವಳನ್ನು ನಾವೆಲ್ಲ ಗುಂಡಿ ಎಂದು ಕರೆಯುತ್ತೇವೆ. ಅಂಗಿಯ ಗುಂಡಿಗಳ ಡಬ್ಬಿಯೇ ಅವಳ ಆಟಿಕೆಯಾಗಿತ್ತು.

ಎಲ್ಲರೂ ಹೊಲಿದಿಟ್ಟ ಬಟ್ಟೆಯನ್ನೇ ಕೊಳ್ಳತೊಡಗಿದ ಮೇಲೆ ಅಂಗಡಿಯ ಕೆಲಸ ಕಮ್ಮಿಯಾಯಿತು. ಹೋದ ವರ್ಷ ಹೆಂಡತಿ ದೂರದ ನಗರವೊಂದಕ್ಕೆ, ಹಾಸಿಗೆ ಹಿಡಿದ ಯಾರದೋ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಹೊರಟಳು. ಒಪ್ಪಿಕೊಂಡ ಅವಧಿ ಮುಗಿಯುವವರೆಗೆ ರಜೆ ಇಲ್ಲ. ಹೊರಡುವಾಗ ಡಬ್ಬದ ಅಂಚು ಸವರಿ ಗಂಡನಿಗೆ ಹೇಳಿದಳು: "ಇದನ್ನ ಚೆನ್ನಾಗಿ ನೋಡ್ಕೊಳ್ಳಿ. ಇದು ಹಸಿರಾಗಿದ್ರೆ ನಾನು ಇನ್ನೂ ಇದೇ ಮನೆಯಲ್ಲಿದೀನಿ ಅಂದ್ಕೊಳ್ತೀನಿ."

ಅವಳು ಫೋನ್ ಮಾಡಿದಾಗಲೆಲ್ಲ ಮೊದಲು ಮಗಳ ಮುಖ, ಆಮೇಲೆ ಗಿಡ. ದರ್ಜಿ ಫೋನ್ ಹಿಡಿದು ಗಿಡ ತೋರಿಸುತ್ತಿದ್ದ. ಕೆಲವು ತಿಂಗಳಿಗೆ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ಅವನು ಡಬ್ಬವನ್ನು ಸ್ವಲ್ಪ ತಿರುಗಿಸಿ ಹಸಿರಿದ್ದ ಕಡೆಯನ್ನು ತೋರಿಸಿದ. ಮುಂದಿನ ಸಲ ಇನ್ನಷ್ಟು ತಿರುಗಿಸಿದ. ಕೊನೆಗೆ ತೋರಿಸಲು ಹಸಿರು ಕಡೆಯೇ ಉಳಿಯಲಿಲ್ಲ. ಆಗ ಸಿಗ್ನಲ್ ಸರಿಯಿಲ್ಲ ಎಂದು ಕ್ಯಾಮೆರಾ ಮುಚ್ಚಿಟ್ಟು ಮಾತಾಡತೊಡಗಿದ. ಅಷ್ಟು ದೂರದಲ್ಲಿ ಅವಳಿಗೆ ಗಾಬರಿ. ಗಿಡಕ್ಕೇನೋ ಆಗಿದೆ, ಅಥವಾ ಮಗಳಿಗೇ ಏನೋ ಆಗಿದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂದು ನನಗೇ ಫೋನ್ ಮಾಡಿ ಅತ್ತಳು. ಮಗು ಚೆನ್ನಾಗಿದೆ, ಗಿಡವನ್ನು ನೋಡಿ ಹೇಳುತ್ತೇನೆ ಎಂದು ಸಮಾಧಾನ ಮಾಡಿ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ.

ದರ್ಜಿ ಅಳತೆ ಟೇಪು ಕೊರಳಿಗೆ ಹಾಕಿಕೊಂಡು ಸುಮ್ಮನೆ ಕೂತಿದ್ದ. ಗಿಡದ ಸುತ್ತ ಉದುರಿದ ಹಳದಿ ಎಲೆ. ಇದೇನಪ್ಪ ಇದು ಎಂದರೆ ತಲೆ ಎತ್ತದೆಯೇ ಹೇಳಿದ:

"ರೋಗ ಅಲ್ಲ ಟೀಚರ್. ಅವಳಿಲ್ಲದೆ ಕೊರಗ್ತಾ ಇದೆ. ನಮಗಾದ್ರೆ ಬಾಯಿದೆ, ಅದಕ್ಕೆ ಎಲೆ ಬಿಟ್ರೆ ಇನ್ನೇನಿದೆ?"

ಪರದೆಯ ಹಿಂದಿನಿಂದ ಅವನ ತಾಯಿ, ಕೊರಗೂ ಇಲ್ಲ ಮಣ್ಣೂ ಇಲ್ಲ, ಹೊಟ್ಟೆಗೆ ಸಾಲದು ಅಷ್ಟೆ, ಒಂದು ಮುಷ್ಟಿ ಗೊಬ್ಬರ ಸುರಿದರೆ ಎದ್ದು ಕೂರುತ್ತೆ ಎಂದರು. ಹಾಗೇನೂ ಮಾಡಬೇಡಿ, ಅಜೀರ್ಣವಾದವರಿಗೆ ಊಟ ಬಡಿಸಿದ ಹಾಗಾಗುತ್ತೆ ಎಂದು ನಾನು ಅಲ್ಲಿಂದಲೇ ಗದರಿದೆ. ಕೂತು ಬೆರಳನ್ನು ಮಣ್ಣಿಗಿಳಿಸಿದೆ. ಮೇಲೆ ಒಣಗಿದಂತೆ ಕಂಡ ಮಣ್ಣು ಒಳಗೆ ಕೆಸರು. ಬೆರಳು ಮೂಸಿದರೆ ಚರಂಡಿಯ ನಾತ.

ನೀರು ಯಾರು ಹಾಕುತ್ತೀರಿ ಎಂದು ಕೇಳಿದೆ. ನಾನೇ, ಬೆಳಗ್ಗೆ ಅಂಗಡಿ ತೆರೆಯುವಾಗ ಒಂದೇ ಒಂದು ಚೊಂಬು ಎಂದ ದರ್ಜಿ. ಗುಂಡಿಯ ಅಜ್ಜಿ ಪರದೆ ಸರಿಸಿ ಹೊರಗೆ ಬಂದರು. ನೀನೂ ಹಾಕ್ತೀಯಾ, ನಾನು ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಹಾಕ್ತೀನಲ್ಲ ಎಂದರು. ಅಷ್ಟರಲ್ಲಿ ಶಾಲೆಯಿಂದ ಬಂದ ಗುಂಡಿ ಚೀಲವನ್ನೂ ಇಳಿಸದೆ, ತನ್ನ ನೀರಿನ ಬಾಟಲಿಯಲ್ಲಿ ಉಳಿದದ್ದನ್ನು ಗಿಡಕ್ಕೆ ಬಗ್ಗಿಸಲು ಹೋದಳು. ನಾನು ಕೈ ಹಿಡಿದೆ.

"ದಿನಾ ಹಾಕ್ತೀಯೇನೇ?"

"ಅಮ್ಮ ನೆನಪಾದಾಗ ಹಾಕ್ತೀನಿ," ಎಂದಳು ಗುಂಡಿ. ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ದಿನಾ ನೆನಪಾಗುತ್ತೆ," ಎಂದಳು.

ದರ್ಜಿ ಗೋಡೆಯ ಕಡೆ ತಿರುಗಿದ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂವರೂ ಒಬ್ಬರಿಗೊಬ್ಬರು ಹೇಳದೆ ತಮ್ಮ ತಮ್ಮ ಪಾಡಿಗೆ ಅವಳನ್ನು ನೆನೆದು ಒಂದೇ ಡಬ್ಬಕ್ಕೆ ನೀರು ಸುರಿದಿದ್ದರು. ಹೇಳಿಕೊಂಡರೆ ಉಳಿದವರಿಗೆ ನೋವಾದೀತು ಎಂದು ಬಾಯಿಗೆ ಬೀಗ ಹಾಕಿಕೊಂಡು ಗಿಡವನ್ನು ಮುಳುಗಿಸಿದ್ದರು. ನನಗೂ ಕಣ್ಣು ತುಂಬಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆದರೂ ಡಬ್ಬಕ್ಕೆ ತೂತಿದ್ದರೆ ಹೆಚ್ಚಿನ ನೀರು ಹರಿದು ಹೋಗಬೇಕಿತ್ತಲ್ಲ ಎಂದು ಎತ್ತಿ ನೋಡಿದೆ. ತಳದ ತೂತುಗಳಿಗೆಲ್ಲ ಮೇಣ ಮೆತ್ತಿದೆ. ನೀರು ಹರಿದು ಬಂದು ಗಿರಾಕಿಗಳ ಬಟ್ಟೆಗೆ ಕಲೆಯಾಗುತ್ತಿತ್ತು, ಅದಕ್ಕೇ ನಾನು ಮುಚ್ಚಿದೆ ಎಂದ ದರ್ಜಿ. ಅಯ್ಯೋ ಪುಣ್ಯಾತ್ಮ, ಗಿಡದ ಮೂಗನ್ನೇ ಮುಚ್ಚಿದ್ದೀಯಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳಿದೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನಾಗಲಿ ಸಾರವನ್ನಾಗಲಿ ಮೇಲಕ್ಕೆ ಕಳಿಸಲಾರದು. ಎಲೆ ಹಳದಿಯಾಗುತ್ತದೆ, ಬಾಡುತ್ತದೆ. ನಾವು ಪಾಪ ಬಾಯಾರಿದೆ ಎಂದು ಮತ್ತೆ ನೀರು ಸುರಿಯುತ್ತೇವೆ.

"ಹಾಗಾದ್ರೆ ಕೊರಗಿ ಅಲ್ವಾ?" ಎಂದ, ಇನ್ನೂ ನಂಬದೆ.

"ಕೊರಗಿದ್ದು ನೀನಪ್ಪ. ಅದಕ್ಕೆ ಬರೀ ನೀರು ಜಾಸ್ತಿಯಾಗಿದೆ."

ಅಂಗಳದಲ್ಲಿ ಗೋಣಿ ಹಾಸಿ ಗಿಡವನ್ನು ಮಣ್ಣಿನ ಹೆಂಟೆ ಸಮೇತ ಎತ್ತಿದೆವು. ಕಪ್ಪಾಗಿ ಮೆತ್ತಗಾದ ಬೇರು ಮುಟ್ಟಿದರೆ ಸಿಪ್ಪೆ ಸುಲಿದು ಬರುತ್ತಿತ್ತು. ದರ್ಜಿ ತನ್ನ ಚಿಕ್ಕ ಕತ್ತರಿಯನ್ನು ಬಿಸಿನೀರಿನಲ್ಲಿ ತೊಳೆದು ತಂದು, ಕೊಳೆತದ್ದನ್ನು ಕತ್ತರಿಸಿ ಬೆಳ್ಳಗೆ ಗಟ್ಟಿಯಾಗಿದ್ದ ಬೇರನ್ನು ಉಳಿಸಿದ. ಬೆಳ್ಳಗಿನ ಬೇರು ಇನ್ನೂ ಸಾಕಷ್ಟಿತ್ತು, ಅದು ನಮ್ಮ ಅದೃಷ್ಟ. ಡಬ್ಬದ ಮೇಣ ಕೆರೆದು, ಇನ್ನೂ ಕೆಲವು ತೂತು ಹೊಡೆದು, ಹೊಸ ಮಣ್ಣಿಗೆ ಮರಳು ಮತ್ತು ಚೆನ್ನಾಗಿ ಕಳಿತ ಎಲೆಗೊಬ್ಬರ ಸ್ವಲ್ಪ ಬೆರೆಸಿ ನೆಟ್ಟೆವು. ಗಿಡವನ್ನು ಕೆಲವು ದಿನ ನೆರಳಿನಲ್ಲಿಟ್ಟು, ಆಮೇಲೆ ನಿಧಾನವಾಗಿ ಬಿಸಿಲಿಗೆ ಸರಿಸಿದೆವು. ಬಟ್ಟೆಗೆ ತಾಗದಂತೆ ಅಡಿಗೊಂದು ತಟ್ಟೆ, ಅದರಲ್ಲಿ ನೀರು ನಿಂತರೆ ಆಗಲೇ ಚೆಲ್ಲಬೇಕು. ಹೊಸ ಚಿಗುರು ಬರುವವರೆಗೆ ಬೇರೆ ಗೊಬ್ಬರ ಬೇಡವೆಂದು ಅಜ್ಜಿಯನ್ನು ಒಪ್ಪಿಸಿದೆ. ನೀರಿನ ಜವಾಬ್ದಾರಿ ಗುಂಡಿಯದು ಮಾತ್ರ: ಬೆರಳಿಟ್ಟು ನೋಡಿ, ಒಳಗಿನ ಮಣ್ಣು ಒಣಗಿದ್ದರಷ್ಟೇ ನೀರು.

"ಅಮ್ಮ ನೆನಪಾದ್ರೆ?" ಎಂದು ಕೇಳಿತು ಮಗು.

"ಅಪ್ಪನ ಹತ್ರ ಹೇಳು," ಎಂದೆ.

ದರ್ಜಿ ಗಿಡ ನೆಟ್ಟ ದಿನವೇ ಕ್ಯಾಮೆರಾ ತೆರೆದ. ಬೋಳು ಗಿಡವನ್ನು ತೋರಿಸಿ, ಡಬ್ಬ ತಿರುಗಿಸಿದ್ದು, ಮೂವರೂ ನೀರು ಸುರಿದದ್ದು, ಮೇಣ ಮೆತ್ತಿದ್ದು ಎಲ್ಲ ಒಪ್ಪಿಸಿದ. ಅವಳು ಸಣ್ಣ ದನಿಯಲ್ಲಿ ಕೇಳಿದಳು: "ಮೂರು ಜನಾನೂ, ದಿನಾನೂ?" ದಿನಾನೂ ಎಂದ ಅವನು. ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಮನೇಲಿ ನನ್ನನ್ನ ಯಾರು ನೆನೆಸ್ಕೋತಾರೆ ಅಂದ್ಕೊಂಡಿದ್ದೆ ಎಂದಳು.

ಹಳದಿಯಾದ ಎಲೆ ಮತ್ತೆ ಹಸಿರಾಗುವುದಿಲ್ಲ, ಉದುರಿಯೇ ಹೋಗುತ್ತದೆ. ಅದನ್ನು ನೋಡಿ ಎದೆಗುಂದಬಾರದು. ಹಲವು ವಾರ ಕಾದ ಮೇಲೆ ಒಂದು ಗೆಣ್ಣಿನಲ್ಲಿ ಚಿಗುರು ಕಂಡಿತು. ಈಗ ಎಲೆಗಳಾಗಿವೆ. ಗುಂಡಿ ಮೂಸಿ ನೋಡುತ್ತಾಳೆ, ಕೀಳುವುದಿಲ್ಲ. ಅಮ್ಮನ ಅವಧಿ ಮುಗಿಯಲು ಇನ್ನೂ ದಿನಗಳಿವೆ. ಮೊದಲ ಎಲೆಯನ್ನು ಅಮ್ಮನೇ ಕೀಳಲಿ ಎಂದು ಕಾಯುತ್ತಿದ್ದಾಳೆ.

ನಿಮ್ಮ ಮನೆಯಲ್ಲೂ ಗಿಡ ಹಳದಿಯಾಗಿದೆಯೇ? ಚೊಂಬು ಕೆಳಗಿಡಿ. ಬೆರಳನ್ನು ಮಣ್ಣಿಗಿಳಿಸಿ. ಒದ್ದೆಯಿದ್ದರೆ ನೀರು ನಿಲ್ಲಿಸಿ, ತಳದ ತೂತು ನೋಡಿ. ಪುಡಿಯಾಗುವಷ್ಟು ಒಣಗಿದ್ದರೆ ತಳದಿಂದ ಇಳಿಯುವಷ್ಟು ನೀರು ಕೊಡಿ. ಎಲೆಯ ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾಗಿದ್ದರೆ ಸಾರದ ಕೊರತೆಯಿರಬಹುದು, ಒಂದು ಎಲೆ ಹಿಡಿದು ಹತ್ತಿರದ ಕೃಷಿ ಕಚೇರಿಗೆ ಹೋಗಿ ಕೇಳಿ. ಎಲೆಯ ಅಡಿಯಲ್ಲಿ ಹುಳುವಿದೆಯೇ ಎಂದೂ ನೋಡಿ. ತಳದ ಒಂದೆರಡು ಮುದಿ ಎಲೆ ಹಳದಿಯಾದರೆ ಅದು ವಯಸ್ಸು, ಚಿಂತೆ ಬೇಡ.

ಮತ್ತೆ, ದೂರ ಹೋದವರು ನೆನಪಾದರೆ ಗಿಡಕ್ಕೆ ನೀರೆರೆಯಬೇಡಿ. ಅವರಿಗೇ ಒಂದು ಫೋನ್ ಮಾಡಿ ಹೇಳಿ.