ಸೂಳೆಕೆರೆಯಲ್ಲಿ ಸ್ಪೀಡ್‌ಸೂಟ್ ಪರೀಕ್ಷೆ

ನೀರಿನಲ್ಲಿ ನೇತ್ರಾವತಿಯನ್ನು ಹಿಂದೆ ಹಾಕಿದವರು ಹೋದ ತಿಂಗಳವರೆಗೆ ಯಾರೂ ಇರಲಿಲ್ಲ. ಸೂಳೆಕೆರೆಯ ದಂಡೆಯ ಮೇಲೆ ಹುಟ್ಟಿ, ಅಪ್ಪ ಅಂಜಿನಪ್ಪನ ತೆಪ್ಪದ ಹಿಂದೆ ಮೀನುಮರಿಯ ಹಾಗೆ ಈಜುತ್ತ ಬೆಳೆದವಳು ಅವಳು. ಈಜು, ಸೈಕಲ್, ಓಟ ಮೂರನ್ನೂ ನಡುವೆ ಕೂರದೆ ಒಂದರ ಬೆನ್ನಿಗೊಂದು ಮುಗಿಸುವ ಟ್ರಯಥ್ಲಾನ್ ಆಟಕ್ಕೆ ಹೊನ್ನಾಳಿಯ ಷಣ್ಮುಖಪ್ಪ ಮೇಷ್ಟ್ರು ಅವಳನ್ನು ಸೇರಿಸಿಕೊಂಡದ್ದೂ ಆ ಈಜನ್ನು ನೋಡಿಯೇ. ಸೈಕಲ್ಲಿನಲ್ಲಿ ಅವಳು ಹತ್ತರ ಜೊತೆ ಹನ್ನೊಂದು, ಓಟದಲ್ಲಿ ಅಷ್ಟಕ್ಕಷ್ಟೆ. ನೀರಿನಲ್ಲಿ ಗಳಿಸಿದ್ದನ್ನು ನೆಲದ ಮೇಲೆ ಜೋಪಾನವಾಗಿ ಖರ್ಚು ಮಾಡಿಕೊಂಡು ಗೆದ್ದು ಬರುವುದು ಅವಳ ದಾರಿ.

ಬರದ ಸೀಮೆ ಜಗಳೂರಿನ ದುರ್ಗಾಂಬಿಕಾ ಇದಕ್ಕೆ ತಿರುವುಮುರುವು. ಓಟಕ್ಕೆ ನಿಂತಳೆಂದರೆ ಉಳಿದವರಿಗೆ ಅವಳೆಬ್ಬಿಸಿದ ಧೂಳಷ್ಟೇ ಗತಿ. ಈಜು ಕಲಿತದ್ದು ಮಾತ್ರ ಹೈಸ್ಕೂಲು ಮುಗಿದ ಮೇಲೆ, ಯಾರದೋ ಹೊಲದ ಕೃಷಿಹೊಂಡದಲ್ಲಿ. "ಟ್ಯಾಂಕರ್ ನೀರು ಕುಡಿದೋರು ಈಜಾಕೆ ಬಂದಾರೆ ನೋಡ್ರಪ್ಪಾ" ಎಂದು ನೇತ್ರಾವತಿ ಆಡಿಕೊಂಡರೆ ದುರ್ಗಾಂಬಿಕಾಳೂ ನಗುತ್ತಿದ್ದಳು. ಒಂದೇ ಪೇಪರಿನಲ್ಲಿ ಮಂಡಕ್ಕಿ ಹಂಚಿಕೊಂಡು ತಿನ್ನುವ ಗೆಳತಿಯರು ಅವರು. ಗೆಳತಿ ಹಿಂದೆ ಇರುವ ತನಕ ಗೆಳೆತನಕ್ಕೆ ಯಾವ ಭಂಗವೂ ಬರುವುದಿಲ್ಲ.

ಹೊನ್ನಾಳಿಯ ಹೊಳೆಯಲ್ಲಿ ನಡೆದ ಪಂದ್ಯಕ್ಕೆ ದುರ್ಗಾಂಬಿಕಾ ಮೈಗೆ ಅಂಟಿದಂತಿದ್ದ ಕಪ್ಪು ಉಡುಪೊಂದನ್ನು ತೊಟ್ಟು ಬಂದಳು. ಸ್ಪೀಡ್‌ಸೂಟ್ ಅಂತೆ. ಶಿಬಿರವೊಂದರಲ್ಲಿ ಪರಿಚಯವಾದ ಹಿರಿಯ ಈಜುಗಾರ್ತಿಯೊಬ್ಬರು ಪ್ರೀತಿಯಿಂದ ಕೊಟ್ಟದ್ದು. ತೆಳು ಬಟ್ಟೆ, ಮೇಲೊಂದು ಲೇಪನ. ನೀರು ಅಂಟುವುದಿಲ್ಲ, ಮೈ ಜಾರಿಕೊಂಡು ಹೋಗುತ್ತದೆ ಎಂದು ತಿಳಿದವರು ಹೇಳಿದರು. ಅವತ್ತು ನೇತ್ರಾವತಿ ದಡ ಮುಟ್ಟಿದಾಗ ದುರ್ಗಾಂಬಿಕಾ ಆಗಲೇ ಸೈಕಲ್ ಹತ್ತಿದ್ದಳು.

ಅಂದಿನಿಂದ ನೇತ್ರಾವತಿಯ ಹೊಟ್ಟೆಯಲ್ಲಿ ಕೆಂಡ ಕೂತಿತು. ಮುದ್ದೆ ಮುರಿಯುವಾಗಲೂ ಆ ಕಪ್ಪು ಬೆನ್ನು, ಬಲೆ ಬಿಡಿಸುವಾಗಲೂ ಆ ಕಪ್ಪು ಬೆನ್ನು. ಅದರ ಮೇಲೆ ಇನ್ನೊಂದು ಸುದ್ದಿ ಬಂತು. ರಾಜ್ಯಮಟ್ಟದ ಪಂದ್ಯಕ್ಕೆ ಮೇಷ್ಟ್ರ ತಂಡದಿಂದ ಒಬ್ಬಳೇ ಹುಡುಗಿ ಹೋಗಬಹುದು. ಅಲ್ಲಿ ಇಂಥ ಸೂಟು ಹಾಕುವಂತಿಲ್ಲ.

"ಸಾರ್, ಹೊನ್ನಾಳೀಲಿ ಈಜಿದ್ದು ಆಕೆ ಅಲ್ರೀ, ಆ ಸೂಟು" ಎಂದಳು ನೇತ್ರಾವತಿ, ಎಲ್ಲರ ಎದುರಿಗೇ.

"ಕುಣಿಯಾಕೆ ಬರದೋಳಿಗೆ ನೆಲ ಡೊಂಕಂತೆ" ಎಂದಳು ದುರ್ಗಾಂಬಿಕಾ.

"ನೆಲದ ಮಾತು ನಿಮ್ಮೂರಿಗಿರ್ಲಿ. ನಾವು ನೀರಿನೋರು."

ಷಣ್ಮುಖಪ್ಪ ಮೇಷ್ಟ್ರು ಇಬ್ಬರ ನಡುವೆ ಕೈ ಅಡ್ಡ ಹಿಡಿದರು. "ಬಾಯಾಗೆ ಈಜಬ್ಯಾಡ್ರಿ. ಪರೀಕ್ಷೆ ಮಾಡೇ ಬಿಡಾನ. ಶನಿವಾರ ದುರ್ಗಿ ಸೂಟಿಲ್ದೆ ಈಜ್ಲಿ, ಭಾನುವಾರ ಸೂಟ್ ಹಾಕ್ಕಂಡು ಈಜ್ಲಿ. ಎರಡು ದಿನಾನೂ ನೇತ್ರಾ ಮಾಮೂಲಿ ಬಟ್ಟೇಲಿ ಪಕ್ಕದಾಗಿರ್ಲಿ. ಸೂಟಿನ ಪಾಲೆಷ್ಟು, ಹುಡುಗೀದೆಷ್ಟು, ತಿಳೀತೈತೆ. ಸೂಟಿಲ್ದೇನೂ ದುರ್ಗಿ ನಿನ್ನ ಸಮಕ್ಕೆ ಬಂದ್ಲು ಅಂದ್ರೆ, ಓಟದಾಗೆ ನಿನ್ನ ಕೈಲಿ ಆಕೀನ ಹಿಡಿಯಾಕಾಗಲ್ಲ ನೇತ್ರಾ. ಆಗ ಆಕಿನೇ ಹೋಗ್ಲಿ."

"ಅಲ್ಲೀತನ ಸೂಟು ನಮ್ಮನ್ಯಾಗಿರ್ಲಿ ಸಾರ್. ಶನಿವಾರ ಒಳಗೆ ಹಾಕ್ಕಂಡು ಬಂದ್ರೆ?"

"ತಗಾ ತಾಯಿ" ಎಂದು ದುರ್ಗಾಂಬಿಕಾ ಸೂಟನ್ನು ಅವಳ ಮೇಲೆ ಎಸೆದಳು. "ತಲೆದಿಂಬು ಮಾಡ್ಕಂಡು ಮಲಕ್ಕ."

ಮನೆಗೆ ಬಂದವಳೇ ನೇತ್ರಾವತಿ ಬಾಗಿಲು ಹಾಕಿಕೊಂಡು ಸೂಟನ್ನು ಹಾಸಿ ಅದರ ಮೇಲೆ ಒಂದು ಲೋಟ ನೀರು ಸುರಿದಳು. ತಾವರೆ ಎಲೆಯ ಮೇಲಿನಂತೆ ಹನಿಗಳು ಉರುಳಿ ನೆಲಕ್ಕೆ ಬಿದ್ದವು. ಬಟ್ಟೆ ಒಣಗಿಯೇ ಇತ್ತು. 'ಇಂಥದ್ದು ಹಾಕ್ಕಂಡ್ರೆ ಬಂಡೆಗಲ್ಲೂ ಈಜ್ತೈತೆ' ಅಂದುಕೊಂಡಳು. ಆಮೇಲೆ ಅದನ್ನು ತೊಟ್ಟು ಕನ್ನಡಿಯಲ್ಲಿ ನೋಡಿಕೊಂಡಳು. ಹೇಳಿ ಹೊಲಿಸಿದಂತೆ ಕೂತಿತ್ತು. ಅದು ಇನ್ನಷ್ಟು ಉರಿಸಿತು. ಬಿಚ್ಚಿ ಹಿತ್ತಲಿನ ಬಲೆಯ ಹಗ್ಗದ ಮೇಲೆ ಬಿಸಾಕಿದಳು.

ಶನಿವಾರ ಬೆಳಗ್ಗೆ ಗಾಳಿ ಏಳುವ ಮೊದಲೇ ಇಬ್ಬರೂ ನೀರಿಗಿಳಿದರು. ಅಂಜಿನಪ್ಪ ತೆಪ್ಪಕ್ಕೆ ಹುಟ್ಟು ಹಾಕಿದ, ಮೇಷ್ಟ್ರು ಅದರಲ್ಲಿ ಗಡಿಯಾರ ಹಿಡಿದು ಕೂತರು. ಬಲೆಯ ಗಳ ನೆಟ್ಟ ಕಡೆಗೆ ಹೋಗಿ ತಿರುಗಿ ದಡಕ್ಕೆ ಬರುವುದು. ದುರ್ಗಾಂಬಿಕಾ ಅರ್ಧ ದಾರಿಯವರೆಗೆ ಜೊತೆಯಲ್ಲೇ ಇದ್ದಳು. ಆಮೇಲೆ ಮತ್ತೆಮತ್ತೆ ತಲೆ ಎತ್ತಿ ನೇತ್ರಾವತಿ ಎಲ್ಲಿದ್ದಾಳೆಂದು ನೋಡತೊಡಗಿದಳು. ತಲೆ ಎತ್ತಿದರೆ ಕಾಲು ಮುಳುಗುತ್ತದೆ, ಕಾಲು ಮುಳುಗಿದರೆ ವೇಗ ಮುಳುಗುತ್ತದೆ. ತೆಪ್ಪದ ಎರಡು ಉದ್ದದಷ್ಟು ಹಿಂದೆ ಬಿದ್ದಳು.

"ಮೈಮ್ಯಾಗೆ ಏನೂ ಇಲ್ದಂಗಾತು ಸಾರ್. ಧೈರ್ಯಾನೇ ಬರ್ಲಿಲ್ಲ" ಎಂದಳು ಏದುಸಿರು ಬಿಡುತ್ತ.

ನೇತ್ರಾವತಿಗೆ ಹಾಲು ಕುಡಿದಷ್ಟು ಸಂತೋಷ. ಅವತ್ತು ಇಡೀ ದಿನ ಬಸವಾಪಟ್ಟಣದ ಅತ್ತೆಯ ಮನೆಯಲ್ಲಿ ಕೂತು, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳಿದಳು. ಮನೆಗೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಸೂಟು ಮಡಿಸಿ ಮಂಚದ ಮೇಲಿತ್ತು. ಯಾರು ಮಡಿಸಿದರೆಂದು ಅವಳು ಕೇಳಲಿಲ್ಲ.

ಭಾನುವಾರ ದುರ್ಗಾಂಬಿಕಾ ಆ ಸೂಟು ತೊಟ್ಟು, ಬೆನ್ನ ಜಿಪ್ಪು ಎಳೆಸಿಕೊಂಡು, ಬೇರೆಯೇ ಹುಡುಗಿಯಾಗಿ ನೀರಿಗೆ ಬಿದ್ದಳು. ಒಮ್ಮೆಯೂ ತಲೆ ಎತ್ತಲಿಲ್ಲ. ನೇತ್ರಾವತಿ ತೋಳು ಕಿತ್ತು ಹೋಗುವ ಹಾಗೆ ಬಡಿದರೂ ಆ ಪಾದಗಳ ನೊರೆ ದೂರವಾಗುತ್ತಲೇ ಹೋಯಿತು.

ದಡದಲ್ಲಿ ಮೇಷ್ಟ್ರು ತೀರ್ಪು ಕೊಟ್ಟರು. "ನೇತ್ರಾ ಹೇಳಿದ್ದೇ ಖರೆ. ಅದೇ ಹುಡುಗಿ, ಅದೇ ಕೆರೆ, ಸೂಟೊಂದು ಬಂತು, ಆಟಾನೇ ತಿರುಗ್ತು. ಅಲ್ಲಿ ಸೂಟಿಲ್ಲ. ನೇತ್ರಾನೇ ಹೋಗ್ಲಿ."

ದುರ್ಗಾಂಬಿಕಾ ಬಟ್ಟೆ ಬದಲಿಸಿದಳು. ಒದ್ದೆ ಸೂಟನ್ನು ನೇತ್ರಾವತಿಯ ಕೈಗಿಟ್ಟಳು. "ನಿನ್ನತ್ರಾನೇ ಇರ್ಲಿ. ಇದಿಲ್ದಿದ್ರೆ ನಾನೇನೂ ಅಲ್ಲ ಅಂತ ಗೊತ್ತಾತಲ್ಲ. ಇನ್ಮ್ಯಾಕೆ ಓಟ ಒಂದೇ ಸಾಕು. ನೀರಾಗೆ ನೀನೇ ಗಟ್ಟಿ ಕಣೆ." ಅದರಲ್ಲಿ ಕೊಂಕಿರಲಿಲ್ಲ. ಹೇಳಿ ಚನ್ನಗಿರಿಯ ಬಸ್ಸು ಹತ್ತಿ ಹೋದಳು.

ಸೂಟನ್ನು ಹಗ್ಗಕ್ಕೆ ಹಾಕುತ್ತಿದ್ದಾಗ ಅವ್ವ ದುರುಗಮ್ಮ ಒಳಗಿನಿಂದ ಕೂಗಿದಳು. "ಮತ್ತೆ ಒಗೀಬೇಕೇನೇ ಅದನ್ನ?"

"ಮತ್ತೆ ಅಂದ್ರೆ?"

"ನಿನ್ನೆ ನೀನು ಆಕಡೆ ಹೋಗಿದ್ದೇ ಒಗ್ದೆ. ಮೀನು ವಾಸನೆ ಹೊಡೀತಿತ್ತು. ಮಂದಿ ಪಾತ್ರೆ ಬರಿದು ಕೊಡಬಾರ್ದು, ಮಂದಿ ಬಟ್ಟೆ ಒಗೀದೆ ಕೊಡಬಾರ್ದು. ಕುದಿಯೋ ನೀರಿಗೆ ಸೋಡಾ ಹಾಕಿ ನೆನೆಸಿ, ಕಲ್ಲಿಗೆ ಚೆನ್ನಾಗಿ ಬಡಿದು, ಬ್ರಶ್ಶಿನಾಗೆ ತಿಕ್ಕಿದೆ. ಮ್ಯಾಲೆ ಎಂಥದೋ ಜಿಡ್ಡು ಇತ್ತು. ಬಿಡ್ತಾನೇ ಇರ್ಲಿಲ್ಲ, ಮುಂಡೇದು. ನಾನೂ ಬಿಡ್ಲಿಲ್ಲ."

ನೇತ್ರಾವತಿ ಹಗ್ಗದ ಬಳಿ ನಿಂತಲ್ಲೇ ಸೂಟಿನ ಕಡೆ ನೋಡಿದಳು. ತಳದಿಂದ ತೊಟತೊಟನೆ ನೀರು ಸುರಿಯುತ್ತಿತ್ತು. ಬಿಸಿಲಿಗೆ ಒಣಗಲು ಬಿಟ್ಟು, ಮಧ್ಯಾಹ್ನ ಒಳಗೆ ತಂದು ಮತ್ತೆ ಒಂದು ಲೋಟ ನೀರು ಸುರಿದಳು. ಒಂದು ಹನಿಯೂ ಉರುಳಲಿಲ್ಲ. ಹಳೇ ಪಂಚೆಯ ಹಾಗೆ ಬಟ್ಟೆ ನೀರನ್ನೆಲ್ಲ ಕುಡಿದುಬಿಟ್ಟಿತು.

ಅಂದರೆ ಬೆಳಗ್ಗೆ ದುರ್ಗಾಂಬಿಕಾ ತೊಟ್ಟದ್ದು ಸತ್ತ ಸೂಟು. ಹಗುರ ಮಾಡುವುದಿರಲಿ, ನೀರು ಕುಡಿದು ಭಾರವಾಗುವ ಬಟ್ಟೆ. ಅದನ್ನು ಹೊತ್ತುಕೊಂಡೂ ಅವಳು ಗೆದ್ದಳು. ಶನಿವಾರ ಅವಳನ್ನು ಸೋಲಿಸಿದ್ದು ನೇತ್ರಾವತಿಯಲ್ಲ, ಅವಳದೇ ಅಳುಕು.

ಗೊತ್ತಿರುವುದು ತನಗೊಬ್ಬಳಿಗೆ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ರಾಜ್ಯಮಟ್ಟಕ್ಕೆ ತಾನು. ಅವ್ವನಿಗೆ ಸೂಟೂ ಒಂದೇ, ಲಂಗವೂ ಒಂದೇ. ಅವಳು ಯಾರಿಗೆ ಹೇಳಿಯಾಳು? ನೇತ್ರಾವತಿ ಸುಮ್ಮನಿರುವುದೆಂದೇ ತೀರ್ಮಾನಿಸಿದಳು. ತೀರ್ಮಾನಿಸಿ ಊಟಕ್ಕೆ ಕೂತಳು. ಮೊದಲ ತುತ್ತಿಗೇ "ನೀರಾಗೆ ನೀನೇ ಗಟ್ಟಿ ಕಣೆ" ಎಂಬ ಮಾತು ನೆನಪಾಯಿತು. ಮೊದಲು ಸೂಟಿನ ಮೇಲೆ ಹೊಟ್ಟೆಕಿಚ್ಚಿತ್ತು. ಸೂಟನ್ನು ಬೈದರೆ ಅದು ತಣ್ಣಗಾಗುತ್ತಿತ್ತು. ಈಗ ಬೈಯಲು ಸೂಟಿಲ್ಲ, ಆ ಹುಡುಗಿಯ ತೋಳುಗಳೇ ಇವೆ. ಆ ತೋಳುಗಳವಳೋ ಶರಣಾಗಿ ಮನೆಗೆ ಹೊರಟಿದ್ದಾಳೆ. ಹೊಟ್ಟೆಕಿಚ್ಚಿಗೂ ಎದುರಿಗೊಬ್ಬರು ನಿಲ್ಲಬೇಕು. ಇಲ್ಲದಿದ್ದರೆ ಅದು ತನ್ನನ್ನೇ ತಿನ್ನುತ್ತದೆ. ಇಷ್ಟು ಕಾಲ ಯಾರೂ ಹಿಂದೆ ಹಾಕದ ನೇತ್ರಾವತಿ, ಯಾರೂ ಇಲ್ಲದ ಕೆರೆಯಲ್ಲಿ ಮೊದಲು ಬಂದವಳಂತೆ ಹೋಗಬೇಕೆ?

ತಟ್ಟೆ ಸರಿಸಿ ಎದ್ದಳು. ದುರ್ಗಾಂಬಿಕಾಗೆ ಫೋನು ಮಾಡಿದಳು. ಚನ್ನಗಿರಿಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದವಳು ಆಗಷ್ಟೇ ದಾವಣಗೆರೆ ಬಸ್ಸಿಗೆ ಕಾಯುತ್ತ ನಿಂತಿದ್ದಳು. "ಅಲ್ಲೇ ಇರು" ಎಂದು ಅಪ್ಪನ ಮೊಪೆಡ್ ಹತ್ತಿ ನೇತ್ರಾವತಿ ಬಸ್‌ಸ್ಟ್ಯಾಂಡು ತಲುಪಿದಳು. ಸೂಟನ್ನು ಅವಳ ತೊಡೆಯ ಮೇಲೆ ಹಾಕಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದಳು.

ದುರ್ಗಾಂಬಿಕಾ ಹಿಗ್ಗುತ್ತಾಳೆಂದುಕೊಂಡಿದ್ದರೆ ಅವಳು ಕೆಂಡವಾದಳು. "ಸೋಡಾ ಹಾಕಿ ಕಲ್ಲಿಗೆ ಬಡಿದ್ರಾ? ಶಿಬಿರದಾಗೆ ಆ ಅಕ್ಕಾರು ತಾವು ಹಾಕ್ಕಳ್ಳೋದನ್ನ ಬಿಚ್ಚಿ ಕೊಟ್ಟಿದ್ದು ಕಣೆ ಇದು! ಏನಂತ ಹೇಳ್ಲಿ ಅವರಿಗೆ?"

"ನಮ್ಮವ್ವಂಗೆ ಗೊತ್ತಾಗ್ಲಿಲ್ಲ."

"ನಿಂಗೆ ಗೊತ್ತಿತ್ತಲ್ಲ! ಹಗ್ಗದ ಮ್ಯಾಲೆ ಯಾಕೆ ಬಿಸಾಕಿದ್ದೆ?"

"ಹೊಟ್ಟೆ ಉರಿದು ಬಿಸಾಕಿದೆ. ಸಾಕಾ?" ಎಂದಳು ನೇತ್ರಾವತಿ. ಪಕ್ಕದಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು. "ಬೈಯೋದು ಆಮ್ಯಾಗೆ ಬೈಯಿ. ಬೆಳಗ್ಗೆ ನನ್ನ ಹಿಂದೆ ಹಾಕಿದ್ದು ಈ ಅರಿವೆ ಅಲ್ಲ, ನೀನು. ನಾಳೆ ಬಂದು ಇನ್ನೊಂದು ಸಲ ಈಜು. ಸೂಟಿಲ್ದೆ. ಬರಾಕೆ ಆಗಲ್ಲ ಅಂದ್ರೆ ಹೇಳು, ಟ್ಯಾಂಕರ್ ನೀರಿನೋಳು ಹೆದರಿದ್ಲು ಅಂತ ಊರಿಗೆಲ್ಲ ಸಾರ್ತೀನಿ."

ದಾವಣಗೆರೆ ಬಸ್ಸು ಬಂತು, ನಿಂತಿತು, ಹೋಯಿತು. ದುರ್ಗಾಂಬಿಕಾ ಮೊಪೆಡ್ಡಿನ ಹಿಂದೆ ಕೂತಳು. ದಾರಿಯುದ್ದಕ್ಕೂ ಬೈಯುತ್ತಲೇ ಇದ್ದಳು.

ಸೋಮವಾರ ಬೆಳಗ್ಗೆ ಮೇಷ್ಟ್ರು ಗೊಣಗುತ್ತಲೇ ಹೊನ್ನಾಳಿಯಿಂದ ಬಂದರು. ಇಬ್ಬರೂ ಹಳೇ ಬಟ್ಟೆಯಲ್ಲಿ ನೀರಿಗಿಳಿದರು. ನೇತ್ರಾವತಿ ಆ ದಿನ ಈಜಿದ ಹಾಗೆ ಹಿಂದೆಂದೂ ಈಜಿರಲಿಲ್ಲ. ಬಿಟ್ಟುಕೊಡುವ ಮನಸ್ಸು ಅವಳ ಒಂದು ಬೆರಳಿಗೂ ಇರಲಿಲ್ಲ. ಗಳದ ಬಳಿ ತಿರುಗುವ ತನಕ ಭುಜಕ್ಕೆ ಭುಜ. ಪಕ್ಕದವಳು ತಲೆ ಎತ್ತುತ್ತಾಳೇನೋ ಎಂದು ಉಸಿರಿಗೆ ಹೊರಳಿದಾಗಲೆಲ್ಲ ನೋಡಿದಳು. ದುರ್ಗಾಂಬಿಕಾ ಎತ್ತಲಿಲ್ಲ. ದಡದ ಕಲ್ಲಿಗೆ ಅವಳ ಕೈ ಮೊದಲು ಬಡಿಯಿತು, ಆಮೇಲೆ ನೇತ್ರಾವತಿಯದು. ನಡುವೆ ಒಂದು ಮೊಳದ ಅಂತರ. ನೆಲದ ಮೇಲೆ ಅವಳನ್ನು ಹಿಡಿಯುವವರಿಲ್ಲ ಎನ್ನುವುದು ಮೂವರಿಗೂ ಗೊತ್ತಿತ್ತು.

ಮೇಷ್ಟ್ರು ಗಡಿಯಾರ ನೋಡಿ ಹುಬ್ಬೇರಿಸಿದರು. "ಇಬ್ರೂ ಇಷ್ಟು ಬಿರುಸು ಎಂದೂ ಈಜಿಲ್ಲ! ದುರ್ಗಿನೇ ಹೋಗ್ಲಿ. ನೇತ್ರಾ, ನೀನು ದೊಡ್ಡ ಮನಸ್ಸು ಮಾಡ್ದೆ ಕಣಮ್ಮ. ಬ್ಯಾರೆ ಯಾರಾದ್ರೂ ಆಗಿದ್ರೆ..."

"ದೊಡ್ಡ ಮನಸ್ಸೂ ಇಲ್ಲ, ಚಿಕ್ಕ ಮನಸ್ಸೂ ಇಲ್ಲ, ಸುಮ್ನಿರ್ರಿ ಸಾರ್. ಹೊಟ್ಟೆ ಧಗಧಗ ಉರೀತೈತೆ ನಂಗೆ."

ದುರ್ಗಾಂಬಿಕಾ ಮೆಟ್ಟಿಲ ಮೇಲೆ ಕೂತು ಕೂದಲು ಹಿಂಡಿಕೊಳ್ಳುತ್ತಿದ್ದಳು. ನೇತ್ರಾವತಿ ಸೊಂಟದುದ್ದ ನೀರಿನಲ್ಲಿ ನಿಂತು ಅವಳನ್ನು ದುರುಗುಟ್ಟಿ ನೋಡಿದಳು.

"ಏಳೇ" ಎಂದಳು. "ಇನ್ನೊಂದು ಸುತ್ತು ಹಾಕಾನ."